ನಕ್ಷೆಯಲ್ಲಿ ನೆಟ್ಟಗಿದ್ದ ದಾರಿ

ಅಂಚೆ ಕಚೇರಿಯ ಗೋಡೆಗೆ ಹೊಸ ರೈಲು ಕಂಪನಿಯವರು ನಕ್ಷೆ ಅಂಟಿಸದೇ ಇದ್ದಿದ್ದರೆ ಈನಸ್ ಅವತ್ತು ಸುಖವಾಗಿ ಮದುವೆಯಾಗುತ್ತಿದ್ದ. ಆ ನಕ್ಷೆಯಲ್ಲಿ ಕಂಪನಿಯ ಹಳಿ ಇಲಿನಾಯ್ ಬಯಲಿನ ಮೇಲೆ ಬೈತಲೆ ತೆಗೆದಂತೆ, ಅವನೂರಿನಿಂದ ಹುಡುಗಿಯ ಊರಿಗೆ ನೆಟ್ಟಗೆ ಹೋಗಿತ್ತು. ಹಳೆಯ ಕಂಪನಿಯ ಹಳಿ ಮಾತ್ರ ಬಿಸಿಬೂದಿಗೆ ಬಿದ್ದ ಎರೆಹುಳುವಿನಂತೆ ಒದ್ದಾಡುತ್ತಿತ್ತು.

"ಲೇ ಈನಸ್, ಅದನ್ನ ಬರೆಸಿದೋರು ಯಾರು? ಹೊಸ ಕಂಪನಿಯೋರೇ ತಾನೆ? ಸುಮ್ನೆ ಹಳೇ ರೈಲು ಹತ್ತು," ಎಂದಳು ಪಕ್ಕದ ಮನೆಯ ಹೆಪ್ಸಿಬಾ ಅಜ್ಜಿ.

"ಕಣ್ಣಿಗೇ ಕಾಣ್ತಿದೆಯಲ್ಲ ಅಜ್ಜಿ!"

ಅವನಿಗೂ ಅವಸರ. ಹೋದ ತಿಂಗಳು ದಾರಿಯಲ್ಲಿ ಗಾಡಿಯ ಅಚ್ಚು ಮುರಿದು, ಅವನ ಮದುವೆಗೆ ಅವನೊಬ್ಬ ಬಿಟ್ಟು ಎಲ್ಲರೂ ಬಂದಿದ್ದರು. "ಈ ಸಲ ಮಧ್ಯಾಹ್ನದೊಳಗೆ ಬರದಿದ್ರೆ ನಿನ್ನ ಮುಖ ನೋಡಲ್ಲ," ಎಂದು ಲೊವೀಸಾ ಹೇಳಿ ಕಳಿಸಿದ್ದಳು. ಹೇಳಿದ್ದನ್ನು ಮಾಡುವ ಹುಡುಗಿ.

ಹೊಸ ರೈಲು ಊರು ದಾಟಿದ್ದೇ ಎಡಕ್ಕೆ ತಿರುಗಿತು. ಆಮೇಲೆ ಬಲಕ್ಕೆ. ಮುಖಕ್ಕೆ ಹೊಡೆಯುತ್ತಿದ್ದ ಬಿಸಿಲು ಬೆನ್ನಿಗೆ ಬಂತು.

"ಯಾಕ್ರೀ, ಹಿಂದಕ್ಕೆ ಹೋಗ್ತಿದೆ?"

"ಹಿಂದಕ್ಕಲ್ಲ ಸ್ವಾಮಿ, ಆ ಹಳ್ಳಿಗೆ," ಎಂದ ಕಂಡಕ್ಟರ್. "ಹಳಿ ಹಾಕೋಕೆ ಪುಕ್ಕಟೆ ಜಾಗ ಕೊಟ್ಟಿದಾರೆ. ಕೊಟ್ಟೋರ ಬಾಗಿಲಿಗೆ ಹೋಗದೆ ಇರಕ್ಕಾಗತ್ತಾ?"

"ನಕ್ಷೇಲಿ ನೆಟ್ಟಗಿತ್ತಲ್ಲ!"

"ಕಾಗದದ ಮೇಲೆ ಓಡ್ಸೋದಾದ್ರೆ ನಾವೂ ನೆಟ್ಟಗೇ ಓಡಿಸ್ತೀವಿ."

ಜಾಗ ಕೊಟ್ಟ ಪುಣ್ಯಾತ್ಮರು ಒಬ್ಬಿಬ್ಬರಲ್ಲ; ರೈಲು ಎಲ್ಲರ ಬಾಗಿಲಿಗೂ ಹೋಗಿ ಬಂತು. ಅಷ್ಟರಲ್ಲಿ ಈನಸ್‌ನ ಮದುವೆ ಇಡೀ ಬೋಗಿಯ ಮದುವೆಯಾಗಿತ್ತು.

"ಕಾಯ್ತಾಳೆ ಬಿಡು ಮಗಾ," ಎಂದಳು ಕೋಳಿಬುಟ್ಟಿಯ ಹೆಂಗಸು.

"ನನ್ನೋಳು ಕಾಯ್ಲಿಲ್ಲಪ್ಪ," ಎಂದ ಬೀಜ ಮಾರುವವನು.

ಮುಂದೆ ಹಳಿಯ ಮೇಲೊಂದು ಹಸು, ನ್ಯಾಯಾಧೀಶರಂತೆ ಮಲಗಿ ಮೆಲುಕು ಹಾಕುತ್ತಿತ್ತು. ತಡೆಯಲಾರದೆ ಈನಸ್ ತಾನೇ ಇಳಿದು ತಳ್ಳಿದ. ಹಸು ಕದಲಲಿಲ್ಲ. ಮದುವೆಯ ಕೋಟು ಬೆನ್ನುದ್ದಕ್ಕೂ ಹರಿಯಿತು. ಹಸು ತಾನಾಗಿ ಎದ್ದು ಹೋಗುವಷ್ಟರಲ್ಲಿ ಕೋಳಿಯವಳು ಬುಟ್ಟಿಯ ಹುರಿಯಿಂದಲೇ ಅದನ್ನು ಹೊಲಿದು ಕೊಟ್ಟಳು.

ಹುಡುಗಿಯ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಮನೆ ನಿಶ್ಶಬ್ದ. ಮೆಟ್ಟಿಲ ಮೇಲೆ ಅವಳಪ್ಪ ಟ್ರಾಸ್ಕ್ ಒಬ್ಬನೇ ಕೂತು ಪೈಪು ಸೇದುತ್ತಿದ್ದ.

"ಲೊವೀಸಾ... ಬೇರೆ ಯಾರನ್ನಾದ್ರೂ..."

"ಬೇರೆ ಯಾರೂ ಇಲ್ಲಪ್ಪ. ಮಧ್ಯಾಹ್ನದ ತನಕ ಹಲ್ಲು ಕಚ್ಕೊಂಡು ಕೂತಿದ್ಲು. ಆಮೇಲೆ ಎದ್ದು, 'ಈ ಮನುಷ್ಯ ತಾನಾಗಿ ಬರೋ ಪೈಕಿ ಅಲ್ಲ, ಹೋಗಿ ಹಿಡೀಬೇಕು' ಅಂದ್ಲು. ಪಾದ್ರಿ, ಕೇಕು, ನಿಮ್ಮತ್ತೆ, ಪಿಟೀಲಿನವನು, ಎಲ್ಲಾರ್ನೂ ಹಳೇ ರೈಲಿಗೆ ಹತ್ತಿಸ್ಕೊಂಡು ನಿಮ್ಮೂರಿಗೇ ಹೋದ್ಲು. ಇಷ್ಟೊತ್ತಿಗೆ ನಿಮ್ಮನೇಲಿ ನಿನ್ನೊಬ್ಬನ್ನ ಬಿಟ್ಟು ಎಲ್ಲಾ ಇದೆ."

ಈನಸ್‌ನ ಎದೆಯ ಮೇಲಿನ ಕಲ್ಲು ದೊಪ್ಪನೆ ಇಳಿಯಿತು. ಹುಡುಗಿ ಕೈಬಿಟ್ಟಿಲ್ಲ! ಅವನು ಮೆಟ್ಟಿಲ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದದ್ದೇ ಎದ್ದ.

"ಹಾಗಾದ್ರೆ ನಾನೀಗ್ಲೇ ಹೊರಟೆ ಮಾವ!"

"ಕೂತ್ಕೋ," ಎಂದ ಟ್ರಾಸ್ಕ್, ಬೆನ್ನ ಹಿಂದಿನಿಂದ ದಪ್ಪ ಹಗ್ಗವೊಂದನ್ನು ತೆಗೆಯುತ್ತ. "ನೀನೇನಾದ್ರೂ ಇಲ್ಲಿಗೆ ಬಂದ್ರೆ, ತಾನು ವಾಪಸ್ ಬರೋ ತನಕ ಕಂಬಕ್ಕೆ ಕಟ್ಟಿ ಹಾಕು ಅಂತ ಹೇಳಿ ಹೋಗಿದಾಳೆ."

ಈನಸ್ ಕಂಬಕ್ಕೆ ಬೆನ್ನು ಕೊಟ್ಟು ಎರಡೂ ಕೈ ಮುಂದೆ ಚಾಚಿದ.

"ಗಟ್ಟಿಯಾಗೇ ಕಟ್ಟಿ ಮಾವ."