ಬೂಷ್ಟಿಗೆ ಜೋಡಿ ನೋಡುವವಳು

ಓದಿದವರಿಗೆ ಓದುವುದಕ್ಕಿಂತ ಕಷ್ಟದ ಕೆಲಸವೆಂದರೆ, ಏನು ಓದಿದ್ದೇವೆಂದು ಮನೆಯವರಿಗೆ ಹೇಳುವುದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಸಂಶೋಧನೆ ಮಾಡುತ್ತಿರುವುದು ಹುಳುಗಳನ್ನು ತಿನ್ನುವ ಬೂಷ್ಟಿನ ಮೇಲೆ. ಒಂದೇ ಬಳಗದ ಬೂಷ್ಟುಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಯಾವುದು ಎಷ್ಟು ಬೇಗ ಹರಡುತ್ತದೆಂದು ಸ್ಕೇಲಿಟ್ಟು ಅಳೆಯುತ್ತೇನೆ. ಆಮೇಲೆ ಎರಡೆರಡನ್ನು ಒಂದೇ ತಟ್ಟೆಯಲ್ಲಿಟ್ಟು, ಅವು ಕೂಡುತ್ತವೋ ಇಲ್ಲವೋ ಎಂದು ವಾರಗಟ್ಟಲೆ ಕಾಯುತ್ತೇನೆ. ಮಲ್ಲೇಶ್ವರದಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಬಂಡಿ ಇಟ್ಟುಕೊಂಡಿರುವ ನಮ್ಮಪ್ಪ ಇದನ್ನೆಲ್ಲ ಗಿರಾಕಿಗಳಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: "ನಮ್ ಹುಡುಗಿ ಬೂಷ್ಟಿಗೆ ಮದ್ವೆ ಮಾಡಿಸ್ತಾಳೆ ಸಾರ್." ಗಿರಾಕಿಯಾದ ಮೇಷ್ಟ್ರೊಬ್ಬರು, "ಮೊದ್ಲು ನಿನ್ ಮಗಳಿಗೆ ಮಾಡ್ಸಪ್ಪ" ಎಂದು ಒಂದು ಹುಡುಗನ ವಿಳಾಸ ಕೊಟ್ಟರು.

ಭಾನುವಾರ ಮತ್ತಿಕೆರೆಯ ನಮ್ಮ ಮನೆಗೆ ಹುಡುಗ, ಅವನ ತಾಯಿ, ಚಿಕ್ಕಪ್ಪ ಬಂದರು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. "ಹುಳದ್ ವಿಷ್ಯ ಎತ್ಬೇಡ ಕಣೆ, ಸೈನ್ಸ್ ಅನ್ನು, ಸಾಕು" ಎಂದು ಅಮ್ಮ ಮೊದಲೇ ಎಚ್ಚರಿಸಿದ್ದಳು. ನಾನೂ ಸೈನ್ಸ್ ಎಂದೇ ಹೇಳಿದೆ. ಅಪ್ಪ ಸುಮ್ಮನಿರಬೇಕಲ್ಲ, ಬೂಷ್ಟಿಗೆ ಮದುವೆ ಮಾಡಿಸುವ ಮಾತನ್ನೂ ಸೇರಿಸಿದರು. ಹುಡುಗ ಆಗ ತಲೆಯೆತ್ತಿದ.

"ಎರಡೂ ಒಪ್ಕೊಂಡ್ವು ಅಂತ ನಿಮಗೆ ಹೇಗ್ ಗೊತ್ತಾಗುತ್ತೆ?"

ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಕೂತು ಯಾರೂ ಕೇಳದ ಪ್ರಶ್ನೆ. ಸೀರೆ ಉಟ್ಟು ಕೂತಿರುವುದೇ ನನಗೆ ಮರೆತುಹೋಯಿತು. ಸಮಸಮ ವೇಗದಲ್ಲಿ ಬೆಳೆಯುವ ಜೋಡಿ ಎಷ್ಟೋ ಸಲ ಪಕ್ಕಪಕ್ಕದಲ್ಲೇ ಇದ್ದು ಒಣಗಿಹೋಗುತ್ತದೆ. ಕೂಡಿದರೆ ಮಾತ್ರ ಸಣ್ಣ ಕಡ್ಡಿಯಂಥದ್ದು ಮೇಲೇಳುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೂಷ್ಟು ಹುಳದ ಮೈಯೊಳಗೆ ಹೊಕ್ಕು, ಒಳಗಿರುವುದನ್ನೆಲ್ಲ ತಿಂದು, ಕೊನೆಗೆ ಅದೇ ಕಡ್ಡಿ ತಲೆ ಸೀಳಿಕೊಂಡು ಹೊರಬರುವುದನ್ನು ವರ್ಣಿಸುವಾಗ ಚಿಕ್ಕಪ್ಪನ ಬಾಯಲ್ಲಿ ಕೇಸರಿಬಾತ್ ಇತ್ತು. ಅವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅಪ್ಪ ಮಾತ್ರ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

ಮಾರನೆಯ ದಿನ ಚಿಕ್ಕಪ್ಪ ಫೋನ್ ಮಾಡಿದರು. ಹುಡುಗಿ ಒಪ್ಪಿಗೆಯಂತೆ, ಆದರೆ ಆ ಕೆಲಸ ಬಿಟ್ಟು ಯಾವುದಾದರೂ ಸ್ಕೂಲಿನಲ್ಲಿ ಟೀಚರ್ ಆಗಬೇಕಂತೆ. "ಅವಳು ಬೂಷ್ಟು ಬಿಡಲ್ಲ ಸ್ವಾಮಿ. ನೀವು ನಮ್ಮನ್ನ ಬಿಟ್ಬಿಡಿ" ಎಂದು ಅಪ್ಪ ಫೋನ್ ಇಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಅಷ್ಟು ಕಷ್ಟಪಟ್ಟು ಗಳಿಸಿದ ಓದನ್ನು ಯಾರದೋ ಷರತ್ತಿಗೆ ಬಿಡುವವಳಲ್ಲ ನಾನು. ಆದರೆ ಷರತ್ತು ಹಾಕಿದ್ದು ಚಿಕ್ಕಪ್ಪ, ಪ್ರಶ್ನೆ ಕೇಳಿದ್ದು ಹುಡುಗ. ಇಬ್ಬರನ್ನೂ ಒಂದೇ ಎಂದು ತೀರ್ಮಾನಿಸುವುದು ವಿಜ್ಞಾನವಲ್ಲ.

ಈ ವಿಜ್ಞಾನವನ್ನು ನೆಚ್ಚಿಕೊಂಡು ಮಧ್ಯಾಹ್ನ ಬಂಡಿಯ ಹತ್ತಿರ ಹೋದೆ.

"ಅಪ್ಪಾ, ಆ ಹುಡುಗನ ನಂಬರ್ ಇದ್ಯಾ?"

"ಯಾಕಮ್ಮ?"

"ಅವರ ಪ್ರಶ್ನೆಗೆ ಉತ್ತರ ಪೂರ್ತಿ ಆಗಿಲ್ಲ."

ಅಪ್ಪ ನನ್ನ ಮುಖ ನೋಡಿದರು. ನಂಬರ್ ಕೊಟ್ಟು, ಬೆನ್ನು ತಿರುಗಿಸಿ, ಆಗಲೇ ಇಸ್ತ್ರಿಯಾಗಿದ್ದ ಷರ್ಟಿಗೇ ಮತ್ತೆ ಇಸ್ತ್ರಿ ಹಾಕತೊಡಗಿದರು.

ಫೋನಿನಲ್ಲಿ ನಾನು ಹೆಸರು ಹೇಳುತ್ತಿದ್ದಂತೆ ಹುಡುಗ, "ಚಿಕ್ಕಪ್ಪ ಹಾಗಂದಿದ್ದು ನಂಗೆ ಈಗಷ್ಟೇ ಗೊತ್ತಾಗಿದ್ದು ರೀ" ಎಂದ. ಹಿಂದೆಯೇ ಕೇಳಿದ: "ಅಲ್ಲಾ, ಕಡ್ಡಿ ತಲೆ ಸೀಳ್ಕೊಂಡು ಆಚೆ ಬಂತಲ್ಲ, ಆಮೇಲೇನಾಗುತ್ತೆ?"

ಅದರ ತುದಿಯಿಂದ ಬೀಜಕಣಗಳು ಗಾಳಿಗೆ ಹಾರುತ್ತವೆ, ಮತ್ತೊಂದು ಹುಳದ ಮೈಮೇಲೆ ಕೂರುತ್ತವೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಂಥವಳು, ಓದಿನ ಬಗ್ಗೆ ಇಷ್ಟೆಲ್ಲ ಜಂಬ ಕೊಚ್ಚಿಕೊಂಡವಳು, ಆವತ್ತು "ಗೊತ್ತಿಲ್ಲ ರೀ, ನೀವೇ ಒಂದ್ಸಲ ಬಂದು ನೋಡಿ" ಎಂದುಬಿಟ್ಟೆ.