ಗಿಟಾರ್ ಕಾಯಿಸಿದ ಪ್ರಸಂಗ

ಯುಗಾದಿ ಮುಗಿದ ಶುಕ್ರವಾರ ಸಂಜೆ, ಜಗಳೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಬೆಂಕಿಗೆ ಕಾಯಿಸುತ್ತಿದ್ದ ಗಿಟಾರೊಂದರ ಬ್ರಿಡ್ಜ್, ಅಂದರೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ಕಿತ್ತು ಹಾರಿತು. ಕಾಯಿಸುತ್ತಿದ್ದವನು ನಾನು. ಪ್ರಾಣಹಾನಿ ಸಂಭವಿಸಿಲ್ಲ.

ಗಿಟಾರ್ ಮಗಳು ಚೈತ್ರಾಳದು. ಭಾನುವಾರ ಸಂತೇಬೆನ್ನೂರಿನಲ್ಲಿ ಅವಳ ಸೋದರಮಾವನ ನಿಶ್ಚಿತಾರ್ಥ. ಅಲ್ಲಿ ಅವಳು ಮೊದಲ ಸಲ ಜನರೆದುರು ನುಡಿಸುತ್ತ ಹಾಡಬೇಕಿತ್ತು. ಅಲ್ಲಿಯವರೆಗೆ ವಾದ್ಯವನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ನಾನೇ ವಹಿಸಿಕೊಂಡೆ. ಪತ್ರಿಕೆಗೆ ವರದಿ ಬರೆಯುವವನು ನಾನು. ತಜ್ಞರನ್ನು ಕೇಳದೆ ಯಾವ ವಿಷಯವನ್ನೂ ಮುಟ್ಟುವುದಿಲ್ಲ!

ಗಿಟಾರ್ ಮಾರಿದ ದಾವಣಗೆರೆಯ ಅಂಗಡಿಯವರಿಗೆ ಫೋನ್ ಮಾಡಿದೆ.

"ಸರ್, ಇದು ಸಾಲಿಡ್ ಟಾಪ್. ಮೇಲಿನ ಹಲಗೆ ಅಸಲಿ ಮರ, ಪ್ಲೈವುಡ್ ಅಲ್ಲ. ಅದಕ್ಕೇ ದನಿ ಚಲೋ ಐತೆ. ನಿಮ್ಮೂರ ಒಣ ಹವಾಕ್ಕೆ ಬಿರಿತೈತೆ, ಸ್ವಲ್ಪ ತೇವ ಬೇಕು. ಹಂಗಂತ..." ಎಂದರು. ಅಷ್ಟರಲ್ಲಿ ನಾನು ಧನ್ಯವಾದ ಹೇಳಿ ಫೋನ್ ಇಟ್ಟಿದ್ದೆ. ಸುದ್ದಿ ಸಿಕ್ಕಿತ್ತು.

ಬೇಸಿಗೆಯಲ್ಲಿ ನೀರಿನ ಮಡಕೆಗೆ ಸುತ್ತುವಂತೆ ಗಿಟಾರಿಗೆ ಒದ್ದೆ ಗೋಣಿಚೀಲ ಸುತ್ತಿ, ಆಗಾಗ ನೀರು ಚಿಮುಕಿಸಿದೆ. ಶುಕ್ರವಾರ ಬಿಚ್ಚಿದರೆ ಮೇಲಿನ ಹಲಗೆ ಪೂರಿಯಂತೆ ಉಬ್ಬಿತ್ತು. ತಂತಿಗಳು ಬೆರಳಿಗೆ ಬಗ್ಗದಷ್ಟು ಎತ್ತರಕ್ಕೆ ಎದ್ದಿದ್ದವು. ಮೀಟಿದೆ. 'ದಬ್' ಎಂದಿತು.

ಹೆಂಡತಿ ಶಾಂತಾ ಒಗ್ಗರಣೆ ಬಿಟ್ಟು ಬಂದಳು. "ಏನ್ರೀ ಇದು, ಕುಂಬಳಕಾಯಿ ಬಡಿದಂಗೆ ಐತೆ!"

"ತೇವಕ್ಕೆ ದನಿ ಕೂತೈತೆ. ಮೆರವಣಿಗೇಲಿ ತಮಟೆ ದನಿ ಕೂತ್ರೆ ಏನ್ ಮಾಡ್ತಾರೆ? ಬೆಂಕಿ ಹಚ್ಚಿ ಕಾಯಿಸ್ತಾರೆ."

"ತಮಟೆ ಚರ್ಮದ್ದು ರೀ, ಇದು ಕಟ್ಟಿಗೆ! ಕಟ್ಟಿಗೆ ಬೆಂಕಿ ಹತ್ರ ಹೋದ್ರೆ ಏನಾಗ್ತೈತೆ ಅಂತ ನನ್ನ ಕೇಳ್ರಿ."

ಕೇಳಲಿಲ್ಲ. ಎಷ್ಟೋ ಮೆರವಣಿಗೆಗಳನ್ನು ವರದಿ ಮಾಡಿದ ಅನುಭವ ನನ್ನದು! ಮೆಕ್ಕೆಜೋಳದ ಒಣ ದಂಟಿಗೆ ಬೆಂಕಿ ಹಚ್ಚಿ, ತಮಟೆಯವರಂತೆಯೇ ಗಿಟಾರನ್ನು ತಿರುಗಿಸಿ ತಿರುಗಿಸಿ ಹಿಡಿದೆ. ದನಿ ಏರಿದಂತೆ ಕೇಳಿಸಿತು. ಇನ್ನೂ ಹತ್ತಿರ ಹಿಡಿದೆ. ಬ್ರಿಡ್ಜನ್ನು ಹಲಗೆಗೆ ಕೂರಿಸಿರುವುದು ಬರೀ ಅಂಟಿನಿಂದ ಎಂಬುದು ಆಗ ತಿಳಿಯಿತು. 'ಟಣ್!' ತಂತಿಗಳ ಸಮೇತ ಹಾರಿದ ಬ್ರಿಡ್ಜ್ ನನ್ನ ಕನ್ನಡಕಕ್ಕೆ ಬಡಿಯಿತು.

ಕಾಲೇಜಿನಿಂದ ಬಂದ ಚೈತ್ರಾ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ಬೆಂದೈತಾ ನೋಡು," ಎಂದಳು. ಆಮೇಲೆ ಅವಳ ಕಣ್ಣು ತುಂಬಿತು. ನಾನು ಬೆಂಕಿಗೆ ನೀರು ಸುರಿದೆ.

ಆದರೂ ಭಾನುವಾರ ಅವಳು ಹಿಂದೆ ಸರಿಯಲಿಲ್ಲ. ತಂತಿಯಿಲ್ಲದ ಗಿಟಾರನ್ನು ಮಡಿಲಲ್ಲಿಟ್ಟು, ಅದರ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ನಮ್ಮ ಪಕ್ಕ ಬಂದು ಕೂತರು.

"ಮಗಳು ಚಲೋ ಬಾರಿಸ್ತಾಳ್ರಿ. ಆದ್ರೆ ಈ ವಾದ್ಯಕ್ಕೆ ಅಷ್ಟುದ್ದ ಹಿಡಿ ಯಾಕೈತೆ?"

"ಬೆಂಕಿಗೆ ಹಿಡಿದು ಕಾಯಿಸಾಕೆ," ಎಂದಳು ಶಾಂತಾ.

ಸೋಮವಾರ ಗಿಟಾರ್ ದುರಸ್ತಿಗೆಂದು ದಾವಣಗೆರೆಗೆ ಹೋಯಿತು. ಬಸ್ಸಿನಲ್ಲಿ ಮಗಳ ಪಕ್ಕದ ಸೀಟಿನಲ್ಲಿ ಅದು ಕೂತಿತ್ತು, ನಾನು ನಿಂತಿದ್ದೆ. ರಿಪೇರಿ ಮುಗಿದ ಮೇಲೆ ಒಯ್ಯಲು ಮಗಳೊಬ್ಬಳೇ ಬರಬೇಕೆಂದು ಅಂಗಡಿಯವರು ತಿಳಿಸಿದ್ದಾರೆ.