ಎಮ್ಮೆ ಬಿಟ್ಟು ಬರೆದ ಇತಿಹಾಸ

ಇಲ್ಲ ಎನ್ನಲು ಬಾರದವನ ಅಕ್ಷರ ದುಂಡಗಿರಬಾರದು. ನನ್ನ ಅಕ್ಷರ ದುಂಡಗಿದೆ, ಅದೇ ನನ್ನ ಹಣೆಬರಹ ಕೆಡಿಸಿತು. ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವುದು ನನ್ನ ನೌಕರಿ. ಆದರೆ ಊರಿನ ಲೆಕ್ಕದಲ್ಲಿ ನನ್ನ ನಿಜವಾದ ಕೆಲಸ ಬೇರೆಯೇ ಇದೆ. ಲಗ್ನಪತ್ರಿಕೆಯ ಒಕ್ಕಣೆ, ನಿವೃತ್ತರಾದವರಿಗೆ ಮಾನಪತ್ರ, ತೀರಿಕೊಂಡವರಿಗೆ ಶ್ರದ್ಧಾಂಜಲಿ, ಎಲ್ಲವೂ ನನ್ನ ಪಡಸಾಲೆಯಲ್ಲೇ ಹುಟ್ಟಬೇಕು. "ಒಂದ್ ನಾಕ ಸಾಲ ಅಷ್ಟ ಬರದು ಕೊಡ್ರಿ ಮಾಸ್ತರ" ಎನ್ನುತ್ತ ಬರುತ್ತಾರೆ. ನಾಲ್ಕು ಸಾಲು ಎಂದವರು ಯಾರೂ ನಾಲ್ಕಕ್ಕೆ ಎದ್ದು ಹೋದದ್ದಿಲ್ಲ. ಒಬ್ಬರಂತೂ ತಮ್ಮ ಮಾನಪತ್ರಕ್ಕೆ ತಾವೇ ವಿಶೇಷಣಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು, ಮರೆತುಹೋದೀತೆಂದು. ಖರೆ ಹೇಳುತ್ತೇನೆ, ನಾನು ದಣಿದಿದ್ದೇನೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಅಂಗಾತ ಮಲಗಿ ಎಷ್ಟು ವರ್ಷವಾಯಿತೋ ನೆನಪಿಲ್ಲ.

ಇಂಥ ನನಗೆ ಆ ವರ್ಷ ಗಂಟುಬಿದ್ದವರು ನನ್ನ ಹೆಂಡತಿಯ ಅಣ್ಣ, ವೀರಪ್ಪ ಭಾವ. ಬ್ಯಾಡಗಿ ಪೇಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿದವರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತಾರಲ್ಲ, ಭಾವನೂ ಹಾಗೆಯೇ. ದನಿ ಏರಿಸಿದರೆ ಪೇಟೆಗೆಲ್ಲ ಕೇಳಬೇಕು, ಆದರೆ ಯಾರ ಮನಸ್ಸನ್ನೂ ನೋಯಿಸಲಾರದ ಜೀವ. ಆ ಮೂವತ್ತು ವರ್ಷದ ಧೂಳು ಅವರ ಎದೆಯಲ್ಲಿ ಕೂತಿತ್ತು. ಕೆಮ್ಮಿದರೆ ನಡು ಬಗ್ಗಿಹೋಗುತ್ತಿತ್ತು. ಇನ್ನು ಅಂಗಡಿಗೆ ಕಾಲಿಟ್ಟರೆ ತಮ್ಮ ಹತ್ತಿರ ಬರಬೇಡಿ ಎಂದು ಡಾಕ್ಟರು ಬೈದು ಕಳಿಸಿದರು. ಭಾವ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಎಲ್ಲಿಯೋ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಬಂದರು. ಹತ್ತು ದಿನ ಬಾಯಿ ಕಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ನನ್ನ ಮುಂದೆ ಆಡಿದರು. "ಮನಷ್ಯಾ ಒಳಗ ಬೆಳೀಬೇಕ್ರಿ ಮಾಸ್ತರ. ನಿಸರ್ಗದಾಗ ಕುಂತರ ತಾನ ಬೆಳೀತಾನ" ಎಂದರು. ನಲವತ್ತು ದಾಟಿದ ಮೇಲೆ ನನ್ನಲ್ಲಿ ಬೆಳೆದದ್ದು ಹೊಟ್ಟೆಯೊಂದೇ.

ಐರಣಿಯ ಹತ್ತಿರ, ತುಂಗಭದ್ರೆಯ ದಂಡೆಗೆ ಅವರದೊಂದು ಹೊಲವಿತ್ತು. ಅಲ್ಲಿ ಆರು ಗುಡಿಸಲು ಎದ್ದವು. ಬೇವಿನ ಗಿಡದ ಮುಂದೆ ಧ್ಯಾನಕ್ಕೆಂದು ನೆಲ ಸಮ ಮಾಡಿ, ಬಡಿದು, ಸೆಗಣಿ ಸಾರಿಸಿದರು. 'ಒಳಗಣ್ಣು ನಿಸರ್ಗಧಾಮ' ಎಂದು ಹೆಸರಾಯಿತು. ಹುಬ್ಬಳ್ಳಿ, ದಾವಣಗೆರೆಯ ಹದಿನಾರು ಜನ ಮೊದಲ ಶಿಬಿರಕ್ಕೆ ಹೆಸರು ಕೊಟ್ಟರು. ಉಳಿದದ್ದು ಒಂದೇ, ಬಂದವರಿಗೆ ಹಂಚುವ ಪುಸ್ತಿಕೆಯಲ್ಲಿ 'ನಮ್ಮ ಇತಿಹಾಸ ಮತ್ತು ಧ್ಯೇಯ' ಎಂಬ ಪುಟ. ಅದು ನನ್ನ ಪಾಲಿಗೆ ಬಂತು. ಧ್ಯೇಯವನ್ನು ಹೇಗೋ ಹೊಂದಿಸಬಹುದು. ನಿನ್ನೆ ಸಾರಿಸಿದ ನೆಲಕ್ಕೆ ಇತಿಹಾಸ ಎಲ್ಲಿಂದ ತರಲಿ? ಆಗದು ಎನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗೆ ಕರೆದಳು. "ಇದು ನಡೀಲಿಲ್ಲಂದ್ರ ನಮ್ಮಣ್ಣ ಮತ್ತ ಆ ಧೂಳಿಗೇ ಹೋಗಿ ಕುಂದರತಾನ. ಉಳಿಯಂಗಿಲ್ರಿ ಅಂವ. ಇದೊಂದು ಬರದು ಕೊಡ್ರಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಪೆನ್ನು ಹುಡುಕಿದೆ.

ಇತಿಹಾಸ ಹುಡುಕಲು ಐರಣಿಗೆ ಹೋದೆ. ಪಕ್ಕದ ಹೊಲದ ಗಂಗವ್ವ, ಎಪ್ಪತ್ತರ ಹತ್ತಿರದ ಹೆಂಗಸು, ಅಲ್ಲಿ ಮೊದಲು ಏನಿತ್ತೆಂದು ನೆನಪಿಸಿಕೊಂಡಳು. "ಎಮ್ಮಿ ಮಲಗತಿದ್ವರಿ" ಎಂದಳು. ಮತ್ತೇನು? "ಮತ್ತೇನಿಲ್ರಿ. ಎಮ್ಮಿ ಮಲಗತಿದ್ವು, ಎದ್ದು ಹೋಗತಿದ್ವು." ನಾನು ಅದನ್ನೇ ಪ್ರಾಮಾಣಿಕವಾಗಿ ಬರೆದೆ. ಭಾವ ಓದಿ ಮುಖ ಸಣ್ಣದು ಮಾಡಿದರು. "ಎಮ್ಮಿ ಒಂದ ತಗೀರಿ ಮಾಸ್ತರ." ತೆಗೆದೆ. ಉಳಿದದ್ದು ಹೀಗಿತ್ತು: 'ತಲೆತಲಾಂತರದಿಂದ ಈ ನದೀತೀರದಲ್ಲಿ ಅನೇಕ ಜೀವಿಗಳು ಅರೆಗಣ್ಣು ಮುಚ್ಚಿ, ಗಂಟೆಗಟ್ಟಲೆ ಮೌನವಾಗಿ ಕುಳಿತು, ಪರಮಶಾಂತಿಯನ್ನು ಅನುಭವಿಸಿವೆ.' ಒಂದಕ್ಷರವೂ ಸುಳ್ಳಲ್ಲ. ಭಾವ ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದರು. ಆ ಹುರುಪಿನಲ್ಲಿ ಧ್ಯೇಯಕ್ಕೂ ಒಂದು ಸಾಲು ಎಳೆದೆ: 'ಇಲ್ಲಿಯ ಗಾಳಿಯನ್ನು ಒಮ್ಮೆ ಎದೆ ತುಂಬ ಎಳೆದುಕೊಂಡವರು ಜೀವಮಾನದಲ್ಲಿ ಅದನ್ನು ಮರೆಯಲಾರರು.'

ಶಿಬಿರದ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಧ್ಯಾನದ ನೆಲವೆಲ್ಲ ಕೆಂಪಗಿದೆ. ಗಂಗವ್ವ ಮತ್ತು ಅವಳ ಸೊಸೆ ಮೆಣಸಿನಕಾಯಿ ಹರವಿದ್ದರು, ಬೇವಿನ ಬುಡದಿಂದ ಗುಡಿಸಲಿನ ಬಾಗಿಲತನಕ. ಅವರ ತಪ್ಪೂ ಅಲ್ಲ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಸಾರಿಸಿದ ನೆಲ ಯಾರದಿದ್ದರೂ ಅದು ಎಲ್ಲರ ಕಣ. ಕೇಳಿ ಹರವಿದರೆ ನೆಲದವರನ್ನು ಪರಕೀಯರೆಂದು ತಿಳಿದಂತೆ. ಈ ರಿವಾಜು ಗೊತ್ತಿಲ್ಲದ ಪಟ್ಟಣದವನು ಬಯಲಲ್ಲಿ ನೆಲ ಸಾರಿಸಿದ್ದರೆ ಕ್ಷಮಿಸಬಹುದಿತ್ತು. ಮೂವತ್ತು ವರ್ಷ ಮೆಣಸಿನಕಾಯಿಯಲ್ಲೇ ಉರುಳಿದ ಭಾವ, ಅದೂ ಸುಗ್ಗಿಯಲ್ಲಿ ಸಾರಿಸಿಟ್ಟರಲ್ಲ! "ಒಂದ್ ಮಾತ ಹೇಳ್ರಿ ಆಕಿಗೆ" ಎಂದೆ. "ಅವರ ಮನೀ ಮಾಲೆಲ್ಲಾ ನನ್ನ ಅಂಗಡಿಗೇ ಬಂದೈತಿ ಮಾಸ್ತರ. ಕಣಾ ಬಿಡು ಅಂತ ಯಾವ ಬಾಯಿಲೆ ಹೇಳ್ಲಿ?" ಎಂದರು.

ಹದಿನಾರು ಜನ ಮೆಣಸಿನಕಾಯಿಯ ಅಂಚಿಗೆ ಚಾಪೆ ಹಾಸಿ ಕೂತರು. ಹುಬ್ಬಳ್ಳಿಯಿಂದ ಬಂದ ಶಿಬಿರದ ಗುರುಗಳು ಕಣ್ಣು ಮುಚ್ಚಿ, "ಆಳವಾಗಿ ಉಸಿರು ತಗೊಳ್ರಿ" ಎಂದರು. ಅದೇ ಹೊತ್ತಿಗೆ ಗಂಗವ್ವನ ಸೊಸೆ ಕಾಯಿ ಮಗುಚತೊಡಗಿದಳು, ಹೊಳೆಯ ಕಡೆಯಿಂದ ಗಾಳಿಯೂ ಬಂತು. ಮೊದಲು ಸೀನಿದವರು ಗುರುಗಳೇ. ಆಮೇಲೆ ಸಾಲಾಗಿ ಎಲ್ಲರೂ. ನನ್ನ ಪುಸ್ತಿಕೆಯ ಮಾತು ಅಕ್ಷರಶಃ ನಿಜವಾಯಿತು, ಆ ಗಾಳಿಯನ್ನು ಅವರ್ಯಾರೂ ಮರೆಯಲಾರರು. ನನಗೂ ನಗು ಬಂದಿತ್ತು. ಆದರೆ ತಿರುಗಿ ನೋಡಿದರೆ ಭಾವ ಬೇವಿನ ಗಿಡ ಹಿಡಿದು ಬಗ್ಗಿದ್ದರು. ತಿಂಗಳುಗಟ್ಟಲೆ ಬಿಟ್ಟಿದ್ದ ಕೆಮ್ಮು ಮತ್ತೆ ಎದ್ದಿತ್ತು, ಉಸಿರು ಸಿಗದೆ ಮುಖ ಕಪ್ಪಿಟ್ಟಿತ್ತು. ನನಗೆ ನಿಜಕ್ಕೂ ಭಯವಾಯಿತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಜೀವನದಲ್ಲಿ ಯಾರಿಗೂ ಬೇಡವೆನ್ನದ ನಾನು ಓಡಿಹೋಗಿ ಗಂಗವ್ವನ ಮುಂದೆ ನಿಂತು, "ಯವ್ವಾ, ಇಲ್ಲಿ ಒಣಗಸಬ್ಯಾಡ್ರಿ. ಈ ಧೂಳಿಗೆ ಅವರ ಎದಿ ತಡಿಯಂಗಿಲ್ಲ" ಎಂದುಬಿಟ್ಟೆ.

ಗಂಗವ್ವ ಸಿಟ್ಟಾಗಲಿಲ್ಲ. ಭಾವನನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಇದನ್ನ ಮೊದಲ ಹೇಳಬಾರದೇನ್ರಿ? ನೆಲಾ ಸಾರಿಸಿಟ್ಟು ಸುಮ್ಮನ ಕುಂತರ ನಮಗ ಹೆಂಗ ತಿಳೀಬೇಕು?" ಎಂದವಳೇ ಸೆರಗು ಸಿಕ್ಕಿಸಿ ಕಾಯಿ ಬಾಚತೊಡಗಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹದಿನಾರು ಜನವೂ ಕೈಹಚ್ಚಿದರು. ಭಾವನನ್ನು ಹೊಳೆಯ ಕಡೆ ಕೂಡಿಸಿ ನೀರು ಕುಡಿಸಿದೆ. ಕೆಮ್ಮು ಇಳಿಯಿತು. ಹೊರಡುವಾಗ ಗಂಗವ್ವ, "ನೀವು ಬರೆಯೋ ಮಾಸ್ತರಲ್ಲೇನ್ರಿ? ಒಂದು ಬೋರ್ಡ್ ಬರೀರಿ ಮತ್ತ" ಎಂದಳು. ಬರೆದೆ. 'ಇಲ್ಲಿ ಮೆಣಸಿನಕಾಯಿ ಒಣಗಿಸಬಾರದು.' ಒಳಗಣ್ಣು ನಿಸರ್ಗಧಾಮದ ಧ್ಯೇಯವನ್ನು ಇಷ್ಟು ಸ್ಪಷ್ಟವಾಗಿ ಆ ಪುಸ್ತಿಕೆಯಲ್ಲೆಲ್ಲೂ ನಾನು ಬರೆದಿಲ್ಲ. ಭಾವ ಈಗಲೂ ಆ ಬೋರ್ಡಿನ ಬುಡದಲ್ಲೇ ಕೂರುತ್ತಾರೆ, ಚೆನ್ನಾಗಿದ್ದಾರೆ.

ಆ ಮಧ್ಯಾಹ್ನ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಮರಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಬೇಡ ಎಂದರೆ ಆಕಾಶ ಬೀಳುವುದಿಲ್ಲ ಎಂದು ಗೊತ್ತಾಗಿತ್ತು. ಹೋದವನೇ ಉಂಡು ಮಲಗುತ್ತೇನೆ ಎಂದು ನಿಶ್ಚಯಿಸಿದೆ. ಮನೆಗೆ ಬಂದರೆ ಪಡಸಾಲೆ ಆಗಷ್ಟೇ ಗುಡಿಸಿ ಸಾರಿಸಿ ಸ್ವಚ್ಛವಾಗಿತ್ತು. ನಡುವೆ ಇಬ್ಬರು ಕೂತು ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದರು. "ನಮ್ಮ ಸಾಹೇಬ್ರು ರಿಟೈರ್ ಆಗಾಕತ್ತಾರ್ರಿ ಮಾಸ್ತರ, ಒಂದ್ ನಾಕ ಸಾಲ..." ಎನ್ನುತ್ತ ಕಾಗದಗಳನ್ನು ನೆಲದ ಮೇಲೆ ಹರವಿದರು. ಅವರಾದರೂ ಏನು ಮಾಡಿಯಾರು, ಬೋರ್ಡು ಇರಲಿಲ್ಲವಲ್ಲ. ನಾನು ಬಾಯಿ ತೆರೆದೆ. ಬಂದ ಮಾತು, "ಕುಂದ್ರಿ, ಪೆನ್ ತರತೇನಿ."